ಸೀಟಿನಡಿ ಸಿಕ್ಕವು

ರಾತ್ರಿ ಹತ್ತೂವರೆಗೆ ಹೊಸನಗರದ ಕಡೆಯ ಗಾಡಿ
ಶಿವಮೊಗ್ಗದ ಶೆಡ್ಡಿಗೆ ಬಂದು ಉಸ್ಸೆಂದು ನಿಲ್ಲುತ್ತದೆ.
ಪೀರ್‌ಸಾಬ್ ಕೀಲಿ ಕೊಡುತ್ತ,
‘ಇವತ್ತು ಯಾರೂ ವಾಂತಿ ಮಾಡಿಲ್ಲ, ನಿನ್ನ ಪುಣ್ಯ’ ಅನ್ನುತ್ತಾನೆ.
ಹಿಂದಿನ ಬಾಗಿಲಿಂದ ಹತ್ತಿ
ನಾನು ಬಗ್ಗುತ್ತೇನೆ.

ಕಡಲೆಸಿಪ್ಪೆ, ಹರಿದ ಟಿಕೆಟ್ಟು, ಕಿತ್ತಳೆ ಬೀಜ,
ಬಾಯಿ ತೆರೆದೇ ಬಿದ್ದ ಟಿಕ್‌ಟಿಕ್ ಪಿನ್ನು,
ಕಿಟಕಿ ಕಂಬಿಗೆ ಸಿಕ್ಕಿಕೊಂಡ ಕಪ್ಪು ರಬ್ಬರು,
ಅದಕ್ಕೆ ಸುತ್ತಿಕೊಂಡ ಒಂದೇ ಒಂದು ಉದ್ದ ಕೂದಲು.
ಯಾವ ಊರಿನದೋ,
ತನ್ನ ಸ್ಟಾಪಿನಲ್ಲಿ ಇಳಿಯಲು ಮರೆತದ್ದು.

ಇವು ಉದುರುವುದು ಹೇಗೆಂದು ನಾನು ಕಣ್ಣಾರೆ ಕಂಡಿದ್ದೇನೆ.
ರಿಪ್ಪನ್‌ಪೇಟೆಯ ತಂಗಿಯ ಬಾಣಂತನ ಮುಗಿಸಿ
ಬೆಳಗಿನ ಟ್ರಿಪ್ಪಿನಲ್ಲಿ ಒಮ್ಮೆ ಬರುತ್ತಿದ್ದೆ.
ಅರಸಾಳಲ್ಲಿ ಹತ್ತಿದವು ಕಾಲೇಜು ಹುಡುಗಿಯರು,
ಎಲ್ಲರದೂ ಎಣ್ಣೆ ಕುಡಿದ ಒಂದೊಂದೇ ಜಡೆ.
ಎಷ್ಟು ಬಿಗಿ ಅಂದರೆ
ಹುಬ್ಬು ಮೇಲೆದ್ದು, ಮುಖವೆಲ್ಲ
ಏನನ್ನೋ ಕೇಳಿ ಬೆಚ್ಚಿದ ಹಾಗೆ.
ಕುಂಸಿ ಬರುವಷ್ಟರಲ್ಲಿ ಅಮ್ಮಂದಿರ ಗಂಟೆಲ್ಲ ಬಿಚ್ಚಿ
ಬಾಯಲ್ಲಿ ಪಿನ್ನು ಕಚ್ಚಿ,
ಒಬ್ಬಳ ಮೊಬೈಲು ಎಲ್ಲರ ಕನ್ನಡಿಯಾಗಿ,
ಪೋನಿಯೇನು, ಕ್ಲಚ್ಚೇನು, ಹಾಗೇ ಹರಡಿದ್ದೇನು!
ಆಯನೂರಿನಲ್ಲಿ ಬೇರೆಯೇ ಹುಡುಗಿಯರು ಕೂತಿದ್ದರು.
ಸಂಜೆ ಅದೇ ದಾರಿಯಲ್ಲಿ, ಕಂಡಕ್ಟರು ಹೇಳುತ್ತಾನೆ,
ಒಬ್ಬಳ ಬೆನ್ನಿಗೆ ಇನ್ನೊಬ್ಬಳು ಕೂತು
ಅಮ್ಮ ಹೆಣೆದ ಹಾಗೇ ಹೆಣೆಯುತ್ತಾರಂತೆ,
ಮೂರು ಕಾಲು, ಬಲದಿಂದ ಶುರು.
ಹಳ್ಳ ಬಂದಾಗ ಕೈ ತಪ್ಪುತ್ತದೆ.
ತಪ್ಪಿದ್ದು ನನ್ನ ಪಾಲು.

ಮಿಳಘಟ್ಟದ ನಮ್ಮ ಮನೆಯಲ್ಲಿ
ಏನೂ ಉದುರಿ ಹೋಗಲು ಬಿಡುತ್ತಿರಲಿಲ್ಲ ಅವ್ವ.
ಬಾಚಣಿಗೆಗೆ ಬಂದದ್ದನ್ನು ಬೆರಳಿಗೆ ಸುತ್ತಿ
ಉಂಡೆ ಮಾಡಿ ಹಂಚಿನ ಸಂದಿಗೆ ತುರುಕುತ್ತಿದ್ದಳು.
‘ಕೂದ್ಲಿಗೆ ಪಿನ್ನೇಯ್...’
ಸೈಕಲ್ಲಿನವನ ಕೂಗು ಬಂದರೆ ಓಡಬೇಕು.
ತಕ್ಕಡಿಯಿಲ್ಲ, ಅಂಗೈಯಲ್ಲೇ ತೂಗಿ,
ಮೂರು ಹೆಂಗಸರ ಮೂರು ತಿಂಗಳಿಗೆ
ಆರು ಪಿನ್ನು, ಕೊಸರಾಡಿದರೆ ಒಂದು ಸೂಜಿ.
ತಲೆಯದನ್ನು ಕೊಟ್ಟು
ತಲೆಗೆ ಬೇಕಾದ್ದು ಕೊಂಡ ಜನ ನಾವು.

ನನಗೆ ವಿಷಮಜ್ವರ ಬಂದ ವರ್ಷ
ಉಂಡೆ ತೆಂಗಿನಕಾಯಷ್ಟಾಗಿತ್ತು.
ಸೈಕಲ್ಲಿನವನು ಮೊದಲ ಸಲ ಪೆಟ್ಟಿಗೆಯ ಕೆಳಗಿನ ಖಾನೆ ತೆಗೆದ.
ಚಿಟ್ಟೆಯ ಕ್ಲಿಪ್ಪು! ರೆಕ್ಕೆಗೆ ಸ್ಪ್ರಿಂಗು, ಮುಟ್ಟಿದರೆ ನಡುಗುವುದು.
ಹಾಕಿಕೊಳ್ಳೋಣವೆಂದರೆ
ತಲೆಯಲ್ಲಿ ಹಿಡಿಯಲು ಏನೂ ಉಳಿದಿರಲಿಲ್ಲ.
ಫ್ರಾಕಿನ ಕಾಲರಿಗೆ ಸಿಕ್ಕಿಸಿಕೊಂಡು ಶಾಲೆಗೆ ಹೋದೆ.
ಟೀಚರು ಏನೂ ಅನ್ನಲಿಲ್ಲ.
ಅವ್ವ ಮಾತ್ರ ಅವತ್ತು
ಬಾಗಿಲಲ್ಲೇ ನಿಂತಿದ್ದಳು, ತಿರುವು ದಾಟುವ ತನಕ.

ಅದಕ್ಕೇ ಇರಬೇಕು, ಕಸದ ಜೊತೆ ಇವನ್ನು ಗುಡಿಸಲಾರೆ.
ಡ್ರೈವರ್ ಸೀಟಿನ ಹಿಂದೆ ಒಂದು ತಂತಿ ಕಟ್ಟಿದ್ದೇನೆ:
ಹಲ್ಲು ಮುರಿದ ಕ್ಲಚ್ಚು, ಮುತ್ತು ಬಿದ್ದ ಬ್ಯಾಂಡು,
ಮದುವೆಮನೆಯಿಂದ ಬಂದ ಕುಚ್ಚಿನದೊಂದು ಎಳೆ
(ಅದಕ್ಕೆ ಇನ್ನೂ ಒಣ ಮಲ್ಲಿಗೆಯ ತೊಟ್ಟಿತ್ತು).
ಷಡಾಕ್ಷರಿ ಸಾಹೇಬರು ನೋಡಿ,
‘ಏನಿದು ಗೌರಜ್ಜಿ, ಬಸ್ಸೋ, ಫ್ಯಾನ್ಸಿ ಸ್ಟೋರೋ?’ ಅಂದರು.
ಬೆಳಗ್ಗೆ ಒಂದೊಂದಾಗಿ ತಂತಿ ಬರಿದಾಗುತ್ತದೆ.
ಯಾರೂ ಕೇಳಿ ತೆಗೆದುಕೊಳ್ಳುವುದಿಲ್ಲ. ಕೇಳಬೇಕೆಂದೂ ಇಲ್ಲ.

ಒಂದು ನೇರಳೆ ಮಖಮಲ್ಲಿನ ರಬ್ಬರು
ಹದಿನೈದು ದಿನ ಹಾಗೇ ನೇತಾಡಿತು.
ಪೊರಕೆಯ ಕಡ್ಡಿ ಸಡಿಲಾಗಿ ಕೆದರಿತ್ತು;
ಎರಡು ಸುತ್ತು ಸುತ್ತಿ ಎಳೆದೆ.
ನಿಂತುಕೊಂಡಿತು, ತುರುಬು ಕಟ್ಟಿದ ಹೆಂಗಸಿನ ಹಾಗೆ.

ಮರುದಿನ ತಡವಾಗಿತ್ತು, ಗಾಡಿ ಹೊರಡುವ ಹೊತ್ತಿಗೂ
ಮೆಟ್ಟಿಲು ಗುಡಿಸುತ್ತಿದ್ದೆ.
ಹಾಸ್ಟೆಲಿಂದ ಊರಿಗೆ ಹೊರಟವಳು,
ಹೆಗಲಿಗೆ ಬ್ಯಾಗು, ಬಿಚ್ಚುಗೂದಲು,
ಕೆಳಗೇ ನಿಂತು ನೋಡಿದಳು.
‘ಅಜ್ಜೀ, ಅದು ನಂದು.’
ಬಿಚ್ಚಲು ಕೈ ಹಾಕಿದೆ. ಅವಳು ಪೊರಕೆಯನ್ನೊಮ್ಮೆ
ತಲೆ ವಾರೆ ಮಾಡಿ ನೋಡಿ ನಕ್ಕುಬಿಟ್ಟಳು:
‘ಬೇಡ ಬಿಡಿ. ನನಗಿಂತ ಅದಕ್ಕೇ ಒಪ್ಪಿದೆ.’

ಬಸ್ಸು ತಿರುಗುವಾಗ ಕಿಟಕಿಯಿಂದ ಅವಳ ಕೂದಲೆಲ್ಲ ಹೊರಗೆ.
ಊರು ಬರುವ ಮುಂಚೆ ಕಟ್ಟಿಕೊಳ್ಳೇ ಮಗಾ, ಅಂದೆ.
ಯಾವುದರಲ್ಲಿ ಕಟ್ಟಿಕೊಳ್ಳುತ್ತಾಳೆ, ಪಾಪ.